ಅಪ್ಪನ ಬಿಪಿ ಮಾತ್ರೆ, ನಾನು ತಂದ ನೋವಿನ ಮಾತ್ರೆ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ಕಂಪನಿ ಕ್ಯಾಬ್‌ನ ಹಿಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬಾರದೆ ಇಯರ್‌ಫೋನ್ ಸಿಕ್ಕಿಸ್ಕೊಂಡಿರೋರಿಗೆ, ಎಲ್ಲರಿಗೂ ಈ ಸಂಚಿಕೆ.

ಇವತ್ತಿನ ವಿಷಯ ಕಿಡ್ನಿ. ಅದು ವಯಸ್ಸಾದವರ ವಿಷಯ, ನಮಗ್ಯಾಕೆ ಅಂತ ಮುಂದಿನ ಎಪಿಸೋಡ್‌ಗೆ ಹೋಗ್ಬೇಡಿ. ಇದು ನಿಮ್ಮ ಮನೆಯ ಫ್ರಿಡ್ಜ್ ಮೇಲೆ ಇರುತ್ತಲ್ಲ, ಹಳೇ ಸ್ವೀಟ್ ಬಾಕ್ಸಲ್ಲಿ ತುಂಬಿಟ್ಟಿರೋ ಮಾತ್ರೆಗಳು, ಅವುಗಳ ವಿಷಯ. ಆ ಬಾಕ್ಸಿಗೆ ಹೊಸ ಸ್ಟ್ರಿಪ್ ತಂದು ಹಾಕೋರು ಸಾಮಾನ್ಯವಾಗಿ ನಾವೇ, ಅಂದ್ರೆ ಫೋನ್ ಇರೋ ಮಕ್ಕಳು. ಹಾಗೆ ನಾನು ತಂದು ಹಾಕಿದ ಒಂದು ಸ್ಟ್ರಿಪ್ ನಮ್ಮಪ್ಪನ್ನ ಆಸ್ಪತ್ರೆಗೆ ಸೇರಿಸ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ವೈಟ್‌ಫೀಲ್ಡ್‌ನಲ್ಲಿ ಸಪೋರ್ಟ್ ಕೆಲಸ ಮಾಡೋನು. ಇಲ್ಲಿ ಹೇಳ್ತಿರೋದು ಅಪ್ಪನನ್ನ ನೋಡಿದ ಡಾಕ್ಟರ್ ಮೇಡಂ ಬಿಡಿಸಿ ಹೇಳಿದ್ದು, ಆಮೇಲೆ ನಾನು ಕೂತು ಓದಿಕೊಂಡಿದ್ದು.

ಆ ಏಪ್ರಿಲ್ ವಾರ

2024ರ ಏಪ್ರಿಲ್ ಕೊನೆ ನಿಮಗೆ ನೆನಪಿರುತ್ತೆ. ಬೋರ್‌ವೆಲ್‌ಗಳು ಒಣಗಿದ್ವು, ಟ್ಯಾಂಕರ್ ರೇಟು ಏರಿತ್ತು, 26ನೇ ತಾರೀಕು ಲೋಕಸಭೆಗೆ ವೋಟು ಹಾಕಿದ್ವಿ. 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. ನಮ್ಮೂರಿಗೆ ಅದು ಬಿಸಿಲಲ್ಲ, ಬೆಂಕಿ.

ಅಪ್ಪ ಪೀಣ್ಯದಲ್ಲಿ ಪ್ರೆಸ್ ಶಾಪ್ ಕೆಲಸಗಾರ. ತಗಡಿನ ಮಾಡು, ಕೆಳಗೆ ಮೆಷಿನ್ ಬಿಸಿ. ಬೇಸಿಗೇಲಿ ಮಧ್ಯಾಹ್ನ ಶೆಡ್ ಒಳಗೆ ನಿಂತ್ರೆ ಶರ್ಟು ಹಿಂಡಬಹುದು. ಅವರಿಗೆ ಆಗ 56. ಆರು ವರ್ಷದಿಂದ ಬಿಪಿ ಇದೆ, ಬೆಳಿಗ್ಗೆ ಒಂದು ಮಾತ್ರೆ ತಗೋತಾರೆ. ಯಾವತ್ತೂ ತಪ್ಪಿಸಿದೋರಲ್ಲ.

ಆ ವಾರದ ಮೊದಲು ಎರಡು ದಿನ ಓಟಿ ಮಾಡಿ ಸೊಂಟ ಹಿಡ್ಕೊಂಡಿತ್ತು. "ಏನಾದ್ರೂ ನೋವಿನ ಗುಳಿಗೆ ತಗೊಂಬಾರೋ" ಅಂತ ಫೋನ್ ಮಾಡಿದ್ರು. ಆಫೀಸಿಂದ ಬರ್ತಾ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಾಯಿಸಿ, ದಾಸರಹಳ್ಳೀಲಿ ಇಳಿದು, ಒಂದು ಮೆಡಿಕಲ್ ಶಾಪಲ್ಲಿ ಕೇಳಿದೆ. ಹತ್ತು ಮಾತ್ರೆ ಇರೋ ಸ್ಟ್ರಿಪ್ ಕೊಟ್ರು. ಬಿಪಿ ಇದೆಯಾ ಅಂತ ಅವರು ಕೇಳಲಿಲ್ಲ, ಇದೆ ಅಂತ ನಾನೂ ಹೇಳಲಿಲ್ಲ. ಅಪ್ಪ ಬೆಳಿಗ್ಗೆ ಒಂದು, ರಾತ್ರಿ ಒಂದು ಶುರು ಮಾಡಿದ್ರು. ಸೊಂಟ ಸರಿಹೋಯ್ತು, ಕೆಲಸಕ್ಕೂ ಹೋದ್ರು.

ಶನಿವಾರ ಹೊರಗೆ ತಿಂದಿದ್ದೇನೋ ಕೆಟ್ಟು ಭೇದಿ ಶುರುವಾಯ್ತು, ಜೊತೆಗೆ ವಾಂತಿ. "ಒಂದಿನದ ಆಟ ಕಣೋ, ಹೋಗುತ್ತೆ ಬಿಡು" ಅಂದ್ರು. ಬಿಪಿ ಮಾತ್ರೆ ನಿಲ್ಲಿಸಬಾರದು ಅಂತ ಅದನ್ನೂ ತಗೊಂಡ್ರು, ಮೈಕೈ ನೋವು ಅಂತ ನೋವಿನ ಮಾತ್ರೇನೂ ತಗೊಂಡ್ರು. ನಾನು ದಿನಕ್ಕೆ ಮೂರು ಎಳನೀರು ತಂದು ಕುಡಿಸಿದೆ. ಒಳ್ಳೇದು ಮಾಡ್ತಿದೀನಿ ಅನ್ಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಎದ್ದು ನಿಲ್ಲೋಕಾಗಲಿಲ್ಲ. ಅಮ್ಮ ಮೆಲ್ಲಗೆ ನನ್ನನ್ನ ಪಕ್ಕಕ್ಕೆ ಕರೆದು, "ನಿನ್ನೆ ಬೆಳಿಗ್ಗೆಯಿಂದ ನಿಮ್ಮಪ್ಪ ಸರಿಯಾಗಿ ಮೂತ್ರಕ್ಕೇ ಹೋಗಿಲ್ಲ ಕಣೋ" ಅಂದ್ರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ವಿ. ಎರಡು ಗಂಟೆ ಬಿಟ್ಟು ರಿಪೋರ್ಟ್ ಬಂತು. ಸುಮಾರು 1 ಇರಬೇಕಾದ ಕ್ರಿಯಾಟಿನಿನ್ 4.2. ಪೊಟ್ಯಾಷಿಯಂ 6.3. ಅಷ್ಟು ಪೊಟ್ಯಾಷಿಯಂ ಹೃದಯದ ಬಡಿತವನ್ನೇ ತಪ್ಪಿಸಬಹುದು ಅಂತ ಆಮೇಲೆ ಗೊತ್ತಾಯ್ತು.

ಮೇಡಂ ಹೇಳಿದ್ದು ಒಂದೇ ಮಾತು: "ಮನೇಲಿ ಇವರು ತಗೊಳ್ಳೋ ಮಾತ್ರೆ ಎಲ್ಲಾ ತನ್ನಿ." ಸ್ವೀಟ್ ಬಾಕ್ಸ್ ತಂದು ಟೇಬಲ್ ಮೇಲೆ ಸುರಿದೆ. ಅವರು ಎರಡು ಸ್ಟ್ರಿಪ್ ಎತ್ತಿ ಪಕ್ಕ ಪಕ್ಕ ಇಟ್ರು. ಒಂದು ಅಪ್ಪನ ಬಿಪಿ ಮಾತ್ರೆ, ಇನ್ನೊಂದು ನಾನು ತಂದಿದ್ದು.

"ಈ ನೋವಿನ ಮಾತ್ರೆ ಯಾರು ಬರೆದುಕೊಟ್ಟಿದ್ದು?"

"ನಾನೇ ತಂದಿದ್ದು ಮೇಡಂ."

ಅವರು ಬೈಯಲಿಲ್ಲ. ಬೈದಿದ್ರೆ ವಾಸಿಯಿತ್ತು.

ಒಂಬತ್ತು ಕ್ಯಾನ್ ನೀರು, ಒಂದೂವರೆ ಕಿಲೋ ಉಪ್ಪು

ಏನಾಯ್ತು ಅಂತ ಅರ್ಥ ಆಗೋಕೆ ಮೊದಲು ಕಿಡ್ನಿ ದಿನಾ ಏನು ಮಾಡುತ್ತೆ ಅಂತ ನೋಡೋಣ. ಹೃದಯ ಪಂಪ್ ಮಾಡೋ ರಕ್ತದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಈ ಎರಡು ಕಿಡ್ನಿಗೇ ಹೋಗುತ್ತೆ. ಒಂದೊಂದು ಕಿಡ್ನೀಲಿ ಸುಮಾರು 10 ಲಕ್ಷ ಸಣ್ಣ ಸಣ್ಣ ಸೋಸುಕಗಳು. ಇವೆಲ್ಲ ಸೇರಿ ದಿನಕ್ಕೆ ಸೋಸೋ ನೀರು ಸುಮಾರು 180 ಲೀಟರ್. ನಮ್ಮ ರೂಮಿಗೆ ಬರೋ 20 ಲೀಟರ್ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನ್! ಆ ನೀರಲ್ಲಿ ಕರಗಿರೋ ಉಪ್ಪು ಹತ್ತಿರ ಹತ್ತಿರ ಒಂದೂವರೆ ಕಿಲೋ.

ಆದ್ರೆ ನಾವು ಹೊರಗೆ ಬಿಡೋ ಮೂತ್ರ ಒಂದೂವರೆ, ಎರಡು ಲೀಟರ್ ಅಷ್ಟೆ. ಉಪ್ಪು ಕೆಲವೇ ಗ್ರಾಂ. ಉಳಿದಿದ್ದೆಲ್ಲ ಎಲ್ಲಿ ಹೋಯ್ತು? ವಾಪಸ್ ರಕ್ತಕ್ಕೇ ಹೋಯ್ತು. ಸೋಸುವುದು ಕಿಡ್ನಿಯ ಅರ್ಧ ಕೆಲಸ ಮಾತ್ರ. ಯಾವುದನ್ನ ಎಷ್ಟು ವಾಪಸ್ ತಗೋಬೇಕು, ಎಷ್ಟು ಹೊರಗೆ ಬಿಡಬೇಕು ಅನ್ನೋ ಲೆಕ್ಕಾಚಾರವೇ ಉಳಿದರ್ಧ.

ಸೋಸಿದ ನೀರು ಒಂದು ಉದ್ದನೆಯ ಸಣ್ಣ ನಾಳದಲ್ಲಿ ಹರಿಯುತ್ತೆ. ನಾಳದ ಮೊದಲ ಭಾಗದಲ್ಲೇ ಮೂರನೇ ಎರಡರಷ್ಟು ಸೋಡಿಯಂ ವಾಪಸ್. ಮುಂದೆ ಹೇರ್‌ಪಿನ್ ಥರ ಬಾಗಿರೋ ಜಾಗದಲ್ಲಿ ಇನ್ನೊಂದು ನಾಲ್ಕನೇ ಒಂದು ಭಾಗ. ಆಮೇಲೆ ಸ್ವಲ್ಪ, ಕೊನೇಲಿ ಇನ್ನೂ ಸ್ವಲ್ಪ. ಕೊನೆಯ ಆ ಎರಡು ಮೂರು ಶೇಕಡಾದಲ್ಲೇ ನಿಮ್ಮ ಬಿಪಿ, ಕಾಲಿನ ಊತ, ಬಾಯಾರಿಕೆ ಎಲ್ಲ ತೀರ್ಮಾನ ಆಗುತ್ತೆ. ಯಾಕಂದ್ರೆ ಸೋಡಿಯಂ ಹೋದ ಕಡೆ ನೀರು ಹಿಂದೆ ಹೋಗುತ್ತೆ. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತ ಗಾದೆ ಇದೆಯಲ್ಲ, ಕಿಡ್ನಿಗೂ ಅದೇ ಕಾನೂನು.

ನೀರುಗಂಟಿಯ ಕಿವಿ

ಅಪ್ಪನ ಊರು ಮಧುಗಿರಿ ಕಡೆ. ಅಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇರ್ತಿದ್ದ. ಸಿಟೀಲಿ ಹುಟ್ಟಿದವರಿಗೆ ಹೇಳ್ತೀನಿ, ಕೆರೆಯ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅಂತ ನೋಡ್ಕೊಳ್ಳೋನು ನೀರುಗಂಟಿ. ಅವನು ತನ್ನಿಷ್ಟಕ್ಕೆ ಬಿಡೋ ಹಾಗಿಲ್ಲ. ಊರಿನವರು ಹೇಳಿ ಕಳಿಸಬೇಕು, ಅದು ಅವನ ಕಿವಿಗೆ ಬೀಳಬೇಕು, ಆಮೇಲೆ ತೂಬು.

ಕಿಡ್ನಿಯ ನಾಳದ ಉದ್ದಕ್ಕೂ ಅಂಥ ನೀರುಗಂಟಿಗಳಿದ್ದಾರೆ. ದೇಹ ಕಳಿಸೋ ಸುದ್ದಿ ಅಂದ್ರೆ ಹಾರ್ಮೋನು. ಆ ಸುದ್ದಿ ಕೇಳಿಸ್ಕೊಳ್ಳೋ ಕಿವಿ ಅಂದ್ರೆ ರಿಸೆಪ್ಟರ್. ಎಷ್ಟೋ ಔಷಧಿಗಳು ಮಾಡೋದು ಇಷ್ಟೇ: ಯಾವುದೋ ಒಂದು ಕಿವಿಗೆ ಹತ್ತಿ ತುರುಕೋದು, ಇಲ್ಲಾ ಅದೇ ಕಿವೀಲಿ ಜೋರಾಗಿ ಕೂಗೋದು.

ಮೊದಲನೇ ಸುದ್ದಿಗಾರ ಆಂಜಿಯೋಟೆನ್ಸಿನ್. ಮೈಯಲ್ಲಿ ಉಪ್ಪು, ನೀರು ಕಡಿಮೆ ಆದ್ರೆ ಅಥವಾ ರಕ್ತದ ಒತ್ತಡ ಇಳಿದ್ರೆ ಕಿಡ್ನಿ ರೆನಿನ್ ಅನ್ನೋದನ್ನ ಬಿಡುತ್ತೆ, ಅದರಿಂದ ಮುಂದೆ ಆಂಜಿಯೋಟೆನ್ಸಿನ್ ತಯಾರಾಗುತ್ತೆ. ಅದರ ಸಂದೇಶ: ರಕ್ತನಾಳ ಬಿಗಿ ಮಾಡಿ, ಉಪ್ಪು ಬಿಡಬೇಡಿ. ಬಿಪಿ ಇರೋರಲ್ಲಿ ಈ ಕೂಗನ್ನ ಸ್ವಲ್ಪ ತಗ್ಗಿಸಿದ್ರೆ ಒಳ್ಳೇದು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಥರದ ಮಾತ್ರೆಗಳು ಇದರ ರಿಸೆಪ್ಟರ್‌ಗೆ ಹತ್ತಿ ಇಡ್ತವೆ. ಇದೇ ಸರಪಳಿಯನ್ನ ಇನ್ನೊಂದು ಕಡೆ ಕತ್ತರಿಸೋ ಕ್ಯಾಪ್ಟೊಪ್ರಿಲ್ ಅನ್ನೋ ಮಾತ್ರೆಯ ಸುಳಿವು ಸಿಕ್ಕಿದ್ದು ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಲ್ಲಿ. ಆ ಹಾವು ಕಚ್ಚಿದವರ ಬಿಪಿ ದಬಕ್ಕನೆ ಇಳಿಯೋದನ್ನ ನೋಡಿ ಶುರುವಾದ ಹುಡುಕಾಟ 1981ರ ಹೊತ್ತಿಗೆ ಮಾತ್ರೆಯಾಗಿ ಬಂತು.

ಎರಡನೆಯದು ಆಲ್ಡೋಸ್ಟಿರೋನ್. ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಗ್ರಂಥಿಯಿಂದ ಬರೋದು. ನಾಳದ ಕೊನೇಲಿ ಸೋಡಿಯಂ ಒಳಗೆ ಎಳ್ಕೊಂಡು, ಬದಲಿಗೆ ಪೊಟ್ಯಾಷಿಯಂ ಹೊರಗೆ ಬಿಡು ಅನ್ನುತ್ತೆ. ಇದರ ಕಿವಿ ಮುಚ್ಚೋದು ಸ್ಪೈರೊನೊಲ್ಯಾಕ್ಟೋನ್. ಮುಚ್ಚಿದ್ರೆ ಉಪ್ಪು ಹೊರಗೆ ಹೋಗುತ್ತೆ, ಆದ್ರೆ ಪೊಟ್ಯಾಷಿಯಂ ಮೈಯಲ್ಲೇ ಉಳಿಯುತ್ತೆ. ಟೆಲ್ಮಿಸಾರ್ಟಾನ್ ತಗೊಂಡಾಗಲೂ ಆಲ್ಡೋಸ್ಟಿರೋನ್ ಕಮ್ಮಿಯಾಗಿ ಇದೇ ದಿಕ್ಕಿಗೆ ಸ್ವಲ್ಪ ಹೋಗುತ್ತೆ. ಈ ಪೊಟ್ಯಾಷಿಯಂ ಮಾತು ನೆನಪಿಟ್ಕೊಳ್ಳಿ, ಎಳನೀರಿನ ಹತ್ತಿರ ವಾಪಸ್ ಬರ್ತೀನಿ.

ಮೂರನೆಯದು ವ್ಯಾಸೊಪ್ರೆಸಿನ್. ಇದು ಮಿದುಳಿಂದ ಬರೋ ಸುದ್ದಿ, ಬರೀ ನೀರಿನ ಬಗ್ಗೆ. ಕಿಡ್ನೀಲಿರೋ ವಿ2 ಅನ್ನೋ ರಿಸೆಪ್ಟರ್‌ಗೆ ಇದು ಮುಟ್ಟಿದ ತಕ್ಷಣ, ನಾಳದ ಗೋಡೆಗೆ ನೀರಿನ ಸಣ್ಣ ಬಾಗಿಲುಗಳು ಬಂದು ಕೂತ್ಕೋತವೆ, ನೀರು ವಾಪಸ್ ಒಳಗೆ ಹೋಗುತ್ತೆ. ಆಕ್ವಾಪೋರಿನ್ ಅನ್ನೋ ಆ ಬಾಗಿಲುಗಳನ್ನ ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಒಂದೇ ಕಿವಿ, ಎರಡು ಥರದ ಔಷಧಿ: ಹಾಸಿಗೇಲಿ ಮೂತ್ರ ಮಾಡ್ಕೊಳ್ಳೋ ಮಕ್ಕಳಿಗೆ ಕೊಡೋ ಡೆಸ್ಮೊಪ್ರೆಸಿನ್ ಈ ಕಿವೀಲಿ "ನೀರು ಹಿಡ್ಕೋ" ಅಂತ ಕೂಗುತ್ತೆ. ಟಾಲ್ವಾಪ್ಟನ್ ಅನ್ನೋದು ಅದೇ ಕಿವಿ ಮುಚ್ಚಿ ಬರೀ ನೀರನ್ನ ಹೊರಗೆ ಬಿಡಿಸುತ್ತೆ, ಉಪ್ಪನ್ನ ಹೆಚ್ಚು ಮುಟ್ಟಲ್ಲ.

ಶುಕ್ರವಾರದ ಬಿಯರ್, ಸೋಮವಾರದ ಕಾಫಿ

ಐಟಿಪಿಎಲ್ ಕಡೆಯೋರು, ಎಲೆಕ್ಟ್ರಾನಿಕ್ ಸಿಟಿಯೋರು, ನಮಗೆ ಮಾತ್ರೆ ಇಲ್ಲ ಅಂತ ನಗಬೇಡಿ. ನೀವೂ ಈ ಕಿವಿಗಳ ಜೊತೆ ವಾರಪೂರ್ತಿ ಆಟ ಆಡ್ತೀರ.

ಶುಕ್ರವಾರ ರಾತ್ರಿ ಎರಡು ಬಿಯರ್ ಕುಡಿದು ನಾಲ್ಕು ಸಲ ಎದ್ದು ಹೋಗ್ತೀರಲ್ಲ, ಅದು ಬಿಯರಲ್ಲಿರೋ ನೀರಿಂದ ಮಾತ್ರ ಅಲ್ಲ. ಆಲ್ಕೋಹಾಲ್ ಮಿದುಳಿಂದ ವ್ಯಾಸೊಪ್ರೆಸಿನ್ ಬರೋದನ್ನೇ ತಡೆಯುತ್ತೆ. ನೀರುಗಂಟಿಗೆ ಸುದ್ದಿಯೇ ಬರಲ್ಲ, ತೂಬು ತೆರೆದೇ ಇರುತ್ತೆ. ಬೆಳಿಗ್ಗೆ ಬಾಯಿ ಒಣಗಿ ಎದ್ದೇಳೋದಕ್ಕೆ ಅದೂ ಒಂದು ಕಾರಣ.

ಕಾಫಿಯಲ್ಲಿರೋ ಕೆಫೀನ್ ಅಡಿನೋಸಿನ್ ರಿಸೆಪ್ಟರ್ ಮುಚ್ಚುತ್ತೆ. ಮಿದುಳಲ್ಲಿ ಮುಚ್ಚಿದ್ರೆ ನಿದ್ದೆ ಹಾರುತ್ತೆ, ಕಿಡ್ನೀಲಿ ಮುಚ್ಚಿದ್ರೆ ಸ್ವಲ್ಪ ಸೋಡಿಯಂ, ಸ್ವಲ್ಪ ನೀರು ಜಾಸ್ತಿ ಹೊರಗೆ. ದಿನಾ ಕುಡಿಯೋರಿಗೆ ದೇಹ ಒಗ್ಗಿಹೋಗುತ್ತೆ, ಹಾಗಾಗಿ ದರ್ಶಿನಿಯ ಎರಡು ಫಿಲ್ಟರ್ ಕಾಫಿಗೆ ಹೆದರಬೇಕಿಲ್ಲ.

ಇದೆಲ್ಲ ಸಣ್ಣದು, ಆರೋಗ್ಯವಾಗಿರೋ ಕಿಡ್ನಿ ಸುಧಾರಿಸ್ಕೊಳ್ಳುತ್ತೆ. ನಮ್ಮಪ್ಪನ ಕಿಡ್ನಿಯೂ ಅಷ್ಟು ದಿನ ಸುಧಾರಿಸ್ಕೊಂಡೇ ಇತ್ತು.

ಹೆಸರಿನ ಕೊನೆಯ ಒಂದು ಅಕ್ಷರ

ಎಲ್ಲ ಔಷಧಿಯೂ ಕಿವಿ ಮುಚ್ಚೋದಿಲ್ಲ. ಕೆಲವು ನೇರವಾಗಿ ಸೋಡಿಯಂ ಸಾಗಿಸೋ ಬಾಗಿಲಿಗೇ ಅಡ್ಡ ನಿಲ್ತವೆ. ಮೂತ್ರ ಹೆಚ್ಚಿಸೋ ಮಾತ್ರೆಗಳು ಬಹುಪಾಲು ಇಂಥವು. ಫ್ಯೂರೋಸೆಮೈಡ್ ಆ ಹೇರ್‌ಪಿನ್ ತಿರುವಿನಲ್ಲಿ ಬಾಗಿಲು ಹಾಕುತ್ತೆ. ಅಲ್ಲಿ ನಾಲ್ಕನೇ ಒಂದು ಭಾಗದ ಸೋಡಿಯಂ ಇದೆಯಲ್ಲ, ಅದಕ್ಕೇ ಮೂತ್ರ ಹೊಳೆ ಥರ ಹೋಗುತ್ತೆ. ಅದರಿಂದ ಮುಂದೆ, ಸ್ವಲ್ಪವೇ ಸೋಡಿಯಂ ಉಳಿದಿರೋ ಜಾಗದಲ್ಲಿ ಕೆಲಸ ಮಾಡೋದು ಥಯಾಝೈಡ್ ಜಾತಿಯವು: ಹೈಡ್ರೋಕ್ಲೋರೋಥಯಾಝೈಡ್, ಕ್ಲೋರ್‌ಥ್ಯಾಲಿಡೋನ್. ಇವು ನಿಧಾನ, ಆದ್ರೆ ಬಿಪಿಗೆ ಒಳ್ಳೇವು. 1950ರ ದಶಕದ ಕೊನೆಯಿಂದ ಬಳಕೆಯಲ್ಲಿವೆ.

ಶುಗರ್‌ಗೆ ಈಗ ತುಂಬಾ ಜನ ತಗೊಳ್ಳೋ ಡಪಾಗ್ಲಿಫ್ಲೋಜಿನ್ ಕೂಡ ಬಾಗಿಲಿಗೆ ಸಂಬಂಧಪಟ್ಟಿದ್ದೇ. ನಾಳದ ಮೊದಲ ಭಾಗದಲ್ಲಿ ಸೋಡಿಯಂ ಮತ್ತು ಸಕ್ಕರೆ ಕೈ ಕೈ ಹಿಡ್ಕೊಂಡು ಒಟ್ಟಿಗೇ ಒಳಗೆ ಹೋಗೋ ಬಾಗಿಲಿದೆ. ಅದನ್ನ ಹಾಕಿದ್ರೆ ಎರಡೂ ಮೂತ್ರದಲ್ಲಿ ಹೋಗ್ತವೆ, ನೀರೂ ಹಿಂಬಾಲಿಸುತ್ತೆ. 2020ರ ಅಕ್ಟೋಬರ್‌ನಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಕಡಿಮೆ ಬೆಲೆಯ ಮಾತ್ರೆಗಳು ಬಂದ್ವು.

ಈಗ ಅಪ್ಪನ ಬಿಪಿ ಮಾತ್ರೆಗೆ ಬರೋಣ. ನಾನು ಅದನ್ನ ಒಂದು ಮಾತ್ರೆ ಅಂದ್ಕೊಂಡಿದ್ದೆ. ಮೇಡಂ ಸ್ಟ್ರಿಪ್ ತಿರುಗಿಸಿ ತೋರಿಸಿದ್ರು. ಹೆಸರಿನ ಕೊನೇಲಿ ಒಂದು 'ಎಚ್' ಇತ್ತು. ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಾಝೈಡ್ 12.5. ಅಂದ್ರೆ ಒಂದೇ ಮಾತ್ರೆಯಲ್ಲಿ ಎರಡು ಔಷಧಿ. ಒಂದು ಕಿವಿ ಮುಚ್ಚುತ್ತೆ, ಇನ್ನೊಂದು ಬಾಗಿಲು ಹಾಕುತ್ತೆ. ಎರಡೂ ಸೇರಿ ಉಪ್ಪು, ನೀರು ಹೊರಗೆ ಹಾಕಿ ಆರು ವರ್ಷ ಅಪ್ಪನ ಬಿಪಿ ಕಾಪಾಡಿದ್ವು. ಅದಕ್ಕೆ ನಾನು ಮೂರನೆಯದನ್ನ ತಂದು ಸೇರಿಸಿದೆ.

ಮೂರೂ ಒಟ್ಟಿಗೆ ಸೇರಿದಾಗ

ನಿಮ್ಮ ಮನೇಲಿ ಆರ್‌ಓ ಫಿಲ್ಟರ್ ಇದ್ರೆ ಇದು ಸುಲಭವಾಗಿ ಅರ್ಥ ಆಗುತ್ತೆ. ಒತ್ತಡ ಇಲ್ಲದಿದ್ರೆ ಆರ್‌ಓ ಪೊರೆ ನೀರು ಸೋಸಲ್ಲ. ಕಿಡ್ನಿಯ ಸೋಸುಕವೂ ಹಾಗೇ. ಅದಕ್ಕೆ ರಕ್ತ ಒಳಗೆ ತರೋ ಒಂದು ಸಣ್ಣ ಪೈಪು, ಹೊರಗೆ ಒಯ್ಯೋ ಇನ್ನೊಂದು ಸಣ್ಣ ಪೈಪು. ಮೈಯಲ್ಲಿ ನೀರು ಕಡಿಮೆಯಾಗಿ ಒತ್ತಡ ಬಿದ್ದಾಗ ಕಿಡ್ನಿ ಎರಡು ಉಪಾಯ ಮಾಡುತ್ತೆ. ಪ್ರೊಸ್ಟಾಗ್ಲಾಂಡಿನ್ ಅನ್ನೋ ಸುದ್ದಿ ಕಳಿಸಿ ಒಳಗೆ ಬರೋ ಪೈಪನ್ನ ಅಗಲ ಮಾಡ್ಕೊಳ್ಳುತ್ತೆ. ಆಂಜಿಯೋಟೆನ್ಸಿನ್ ಸುದ್ದಿಯಿಂದ ಹೊರಗೆ ಹೋಗೋ ಪೈಪನ್ನ ಬಿಗಿ ಮಾಡ್ಕೊಳ್ಳುತ್ತೆ. ಹಾಗಾಗಿ ನಡುವೆ ಒತ್ತಡ ಉಳಿಯುತ್ತೆ, ಸೋಸೋದು ನಿಲ್ಲಲ್ಲ.

ಈಗ ಅಪ್ಪನ ಆ ಭಾನುವಾರ. ಬಿಸಿಲು, ಬೆವರು, ಭೇದಿ, ವಾಂತಿ. ಮೈಯಲ್ಲಿ ನೀರಿಲ್ಲ. ಥಯಾಝೈಡ್ ಇನ್ನೂ ಉಪ್ಪು ಹೊರಗೆ ಹಾಕ್ತಾನೇ ಇದೆ. ಟೆಲ್ಮಿಸಾರ್ಟಾನ್ ಆಂಜಿಯೋಟೆನ್ಸಿನ್‌ನ ಕಿವಿ ಮುಚ್ಚಿದೆ, ಹೊರಗಿನ ಪೈಪು ಬಿಗಿಯಾಗ್ತಿಲ್ಲ. ಇನ್ನು ಉಳಿದಿದ್ದ ಒಂದೇ ಉಪಾಯ ಪ್ರೊಸ್ಟಾಗ್ಲಾಂಡಿನ್. ನೋವಿನ ಮಾತ್ರೆ ಮಾಡೋ ಕೆಲಸವೇ ಪ್ರೊಸ್ಟಾಗ್ಲಾಂಡಿನ್ ತಯಾರಾಗೋದನ್ನ ನಿಲ್ಲಿಸೋದು. ಸೊಂಟದಲ್ಲಿ ನಿಂತಾಗ ನೋವು ಹೋಯ್ತು. ಕಿಡ್ನೀಲಿ ನಿಂತಾಗ ಒಳಗೆ ಬರೋ ಪೈಪು ಸಣ್ಣದಾಯ್ತು. ಒತ್ತಡ ಬಿತ್ತು, ಸೋಸುಕ ನಿಂತಿತು, ಮೂತ್ರ ನಿಂತಿತು.

ಡಾಕ್ಟರ್‌ಗಳ ಭಾಷೇಲಿ ಇದಕ್ಕೆ ಟ್ರಿಪಲ್ ವ್ಯಾಮಿ ಅಂತ ಹೆಸರೇ ಇದೆ, ಅಂದ್ರೆ ಮೂರು ಕಡೆಯಿಂದ ಒಟ್ಟಿಗೇ ಬೀಳೋ ಏಟು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಿಪಿ ಮಾತ್ರೆ ತಗೊಳ್ಳೋ ಸುಮಾರು 4 ಲಕ್ಷ 87 ಸಾವಿರ ಜನರ ದಾಖಲೆ ನೋಡಿದ್ರು. ಈ ಮೂರೂ ಜಾತಿಯ ಔಷಧಿ ಒಟ್ಟಿಗೆ ತಗೊಂಡವರಲ್ಲಿ ಕಿಡ್ನಿಗೆ ಹಠಾತ್ ಪೆಟ್ಟು ಬೀಳೋ ಪ್ರಮಾಣ 31 ಶೇಕಡಾ ಹೆಚ್ಚಿತ್ತು. ಮೊದಲ 30 ದಿನದಲ್ಲಂತೂ 82 ಶೇಕಡಾ ಹೆಚ್ಚು. ನೋವಿನ ಮಾತ್ರೆಯ ಜೊತೆ ಎರಡರಲ್ಲಿ ಒಂದು ಮಾತ್ರ ಇದ್ದವರಲ್ಲಿ ಆ ಏರಿಕೆ ಕಾಣಲಿಲ್ಲ. ಮೂರೂ ಸೇರಿದಾಗಲೇ ತೊಂದರೆ.

ಇನ್ನೊಂದು ವಿಷಯ. ಇಂಥ ನೋವಿನ ಮಾತ್ರೆಗಳು ಸೋಡಿಯಂ, ನೀರು ಮೈಯಲ್ಲೇ ಹಿಡಿದಿಡೋ ಹಾಗೂ ಮಾಡ್ತವೆ. ಅದಕ್ಕೇ ಕೆಲವರಿಗೆ ಕಾಲು ಊದುತ್ತೆ, ಸರಿಯಾಗಿದ್ದ ಬಿಪಿ ಏರುತ್ತೆ. ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಡೋಸ್ ಜಾಸ್ತಿ ಆಗುತ್ತೆ. ಪಕ್ಕದಲ್ಲಿ ನೋವಿನ ಮಾತ್ರೆ ನಡೀತಿರೋದು ಡಾಕ್ಟರ್‌ಗೆ ಗೊತ್ತೇ ಇರಲ್ಲ, ಯಾಕಂದ್ರೆ ಅದನ್ನ ಮಾತ್ರೆ ಅಂತ ನಾವು ಲೆಕ್ಕಕ್ಕೇ ಹಿಡಿಯಲ್ಲ.

ಎಳನೀರು ಮತ್ತು ಓಆರ್‌ಎಸ್

ನನ್ನ ಎರಡನೇ ತಪ್ಪು ಎಳನೀರು. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ಹೋಗಿದ್ದು ಸೋಡಿಯಂ ಮತ್ತು ನೀರು. ಇತ್ತ ಕಿಡ್ನಿ ನಿಂತಿದೆ, ಟೆಲ್ಮಿಸಾರ್ಟಾನ್ ಪೊಟ್ಯಾಷಿಯಂ ಹೊರಗೆ ಹೋಗೋಕೆ ಬಿಡ್ತಿಲ್ಲ, ಮೇಲೆ ನಾನು ದಿನಕ್ಕೆ ಮೂರು ಎಳನೀರು. ಆ 6.3ರಲ್ಲಿ ನನ್ನ ಪಾಲೂ ಇತ್ತು. ಆರೋಗ್ಯವಾಗಿರೋರಿಗೆ ಎಳನೀರು ಅಮೃತವೇ. ಆದ್ರೆ ಅದು ಓಆರ್‌ಎಸ್ ಅಲ್ಲ.

ಓಆರ್‌ಎಸ್ ಪುಡೀಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಸ್ವಲ್ಪ ಸಿಟ್ರೇಟು, ಸ್ವಲ್ಪ ಪೊಟ್ಯಾಷಿಯಂ. ಸಕ್ಕರೆ ಯಾಕೆ? ಆಗಲೇ ಹೇಳಿದ್ನಲ್ಲ, ಸೋಡಿಯಂ ಮತ್ತು ಸಕ್ಕರೆ ಕೈ ಹಿಡ್ಕೊಂಡು ಹೋಗೋ ಬಾಗಿಲು. ಕಿಡ್ನೀಲಿರೋ ಆ ಬಾಗಿಲಿನ ಅಕ್ಕತಂಗಿ ಒಂದು ಕರುಳಲ್ಲೂ ಇದೆ. ಭೇದಿ ಆಗ್ತಿದ್ರೂ ಅದು ಕೆಲಸ ಮಾಡ್ತಿರುತ್ತೆ. ಸಕ್ಕರೆ ಜೊತೆ ಸೋಡಿಯಂ ಒಳಗೆ, ಸೋಡಿಯಂ ಹಿಂದೆ ನೀರು ಒಳಗೆ. ಟೆಟ್ರಾಪ್ಯಾಕ್‌ನಲ್ಲಿ ಬರೋ ಸಿಹಿ ಪಾನೀಯ ಇದಕ್ಕೆ ಸಾಟಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಸರಿಹೋಗದ ಪಾನೀಯಗಳು ಓಆರ್‌ಎಸ್ ಅನ್ನೋ ಹೆಸರು ಹಾಕ್ಕೊಳ್ಳೋ ಹಾಗಿಲ್ಲ ಅಂತ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ.

ನೀರು ಕುಡಿಯೋಕೂ ಲೆಕ್ಕ

ಇದನ್ನ ಬರೀ ಮಾತ್ರೆಯ ಕಥೆ ಮಾಡಿ ಮುಗಿಸಿದ್ರೆ ಅರ್ಧ ಹೇಳಿದ ಹಾಗೆ. ನಮ್ಮ ಚಿಕ್ಕಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಬೆಳಿಗ್ಗೆ ಮನೆ ಬಿಟ್ಟಾಗಿಂದ ಊಟದ ಹೊತ್ತಿನವರೆಗೂ ನೀರು ಕುಡಿಯಲ್ಲ. ಯಾಕೆ ಚಿಕ್ಕಮ್ಮ ಅಂದ್ರೆ, "ಕುಡಿದ್ರೆ ಎದ್ದು ಹೋಗ್ಬೇಕಲ್ಲಪ್ಪಾ, ಪ್ರೊಡಕ್ಷನ್ ಯಾರು ಕೊಡ್ತಾರೆ?" ಅಂತಾರೆ. ಅವರಿಗೂ ಬಿಪಿ ಇದೆ, ಕತ್ತು ನೋವೂ ಇದೆ. ಡೆಲಿವರಿ ಹುಡುಗರು, ಕ್ಯಾಬ್ ಓಡಿಸೋರು, ಬಿಸಿಲಲ್ಲಿ ನಿಲ್ಲೋ ಸೆಕ್ಯೂರಿಟಿಯವರು, ಎಲ್ಲರದೂ ಇದೇ ಲೆಕ್ಕ. 250ಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಾರ್ಖಾನೆಯಲ್ಲಿ ಬೇಸಿಗೆಗೆ ತಂಪು ನೀರು ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನೀರಿನ ನಲ್ಲಿ ಇದ್ರೆ ಸಾಲದು, ಕುಡಿದ ಮೇಲೆ ಎದ್ದು ಹೋಗಿಬರೋ ಧೈರ್ಯವೂ ಬೇಕು. ಕಿಡ್ನಿ ಉಳಿಸೋ ಮಾತಲ್ಲಿ ಇದನ್ನೂ ಸೇರಿಸ್ಕೊಳ್ಳಿ.

ಈ ವಾರ ಮನೇಲಿ ಮಾಡಬೇಕಾದ್ದು

ಮೊದಲು, ಆ ಮಾತ್ರೆ ಬಾಕ್ಸ್ ತೆಗೀರಿ. ಬ್ರ್ಯಾಂಡ್ ಹೆಸರು ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಔಷಧಿಯ ಜಾತಿ ಅದರ ಹೆಸರಿನ ಬಾಲದಲ್ಲೇ ಇರುತ್ತೆ. 'ಸಾರ್ಟಾನ್' ಅಥವಾ 'ಪ್ರಿಲ್' ಅಂತ ಮುಗಿದ್ರೆ ಆಂಜಿಯೋಟೆನ್ಸಿನ್ ಕಡೆಯದು. 'ಥಯಾಝೈಡ್', 'ಥ್ಯಾಲಿಡೋನ್', 'ಸೆಮೈಡ್' ಅಂದ್ರೆ ಉಪ್ಪು, ನೀರು ಹೊರಗೆ ಹಾಕೋದು. 'ಗ್ಲಿಫ್ಲೋಜಿನ್' ಶುಗರ್‌ಗೆ, ಅದೂ ನೀರು ಹೊರಗೆ ಹಾಕುತ್ತೆ. 'ಫೆನಾಕ್', 'ಪ್ರೊಫೆನ್', 'ಕಾಕ್ಸಿಬ್' ಅಂದ್ರೆ ನೋವಿನ ಮಾತ್ರೆ. ಮೊದಲ ಎರಡು ಜಾತಿ ಇರೋ ಮನೆಗೆ ಈ ಕೊನೆಯದನ್ನ ಡಾಕ್ಟರ್ ಕೇಳದೆ ತರಬೇಡಿ. ಜ್ವರ, ಸಣ್ಣ ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತಾ ಅಂತ ಕೇಳಿ, ಸರಿಯಾದ ಡೋಸ್‌ನಲ್ಲಿ ಕಿಡ್ನಿ ಮಟ್ಟಿಗೆ ಅದು ಎಷ್ಟೋ ಮೇಲು.

ಎರಡನೆಯದು, ಎಲ್ಲ ಸ್ಟ್ರಿಪ್‌ನ ಹಿಂಭಾಗದ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಯಾವ ಮೆಡಿಕಲ್ ಶಾಪಿಗೆ ಹೋದ್ರೂ, ಯಾವ ಡಾಕ್ಟರ್ ಹತ್ರ ಹೋದ್ರೂ ತೋರಿಸಿ.

ಮೂರನೆಯದು ತುಂಬಾ ಮುಖ್ಯ. ಮುಂದಿನ ಸಲ ಚೆಕಪ್‌ಗೆ ಹೋದಾಗ ಈ ಒಂದು ಪ್ರಶ್ನೆ ಕೇಳಿ: "ಭೇದಿ, ವಾಂತಿ, ಜ್ವರ ಬಂದು ನೀರು ಕುಡಿಯೋಕಾಗದೆ ಇದ್ದಾಗ ಇದರಲ್ಲಿ ಯಾವ ಮಾತ್ರೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು?" ಉತ್ತರವನ್ನ ಬರೆಸ್ಕೊಂಡು ಬನ್ನಿ. ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಹೃದಯದ ತೊಂದರೆ ಇರೋರಿಗೆ ಬೇರೆಯೇ ಇರುತ್ತೆ.

ದಯವಿಟ್ಟು ಇದನ್ನ ಕೇಳಿ ಇವತ್ತೇ ಅಪ್ಪ, ಅಮ್ಮನ ಬಿಪಿ ಮಾತ್ರೆ ನಿಲ್ಲಿಸಬೇಡಿ. ಟೆಲ್ಮಿಸಾರ್ಟಾನ್ ಖಳನಾಯಕ ಅಲ್ಲ. ವರ್ಷಗಟ್ಟಲೆ ಲೆಕ್ಕದಲ್ಲಿ ಆ ಜಾತಿಯ ಮಾತ್ರೆಗಳು, ಮುಖ್ಯವಾಗಿ ಶುಗರ್ ಇರೋರಲ್ಲಿ, ಕಿಡ್ನೀನ ಕಾಪಾಡೋವೇ. ನೋವಿನ ಮಾತ್ರೆಗೂ ಅದರ ಕೆಲಸ ಇದೆ. ಒಂದೊಂದೂ ಒಳ್ಳೇದೇ, ಸೇರಬಾರದ ದಿನ ಸೇರಿದ್ವು ಅಷ್ಟೆ.

ಮತ್ತೆ, ಮೂತ್ರ ಕಡಿಮೆಯಾದ್ರೆ ಕಾಯಬೇಡಿ. ನಮ್ಮಮ್ಮ ಅದನ್ನ ಸಂಕೋಚದಿಂದ ಒಂದು ದಿನ ತಡವಾಗಿ ಹೇಳಿದ್ರು. ಅದು ನಾಚಿಕೆಪಡೋ ವಿಷಯ ಅಲ್ಲ ಅಂತ ನಿಮ್ಮ ಮನೇಲಿ ಮೊದಲೇ ಹೇಳಿಡಿ.

ಅಪ್ಪ ಈಗ

ಮೂರೂ ಔಷಧಿ ನಿಲ್ಲಿಸಿದ್ರು, ಡ್ರಿಪ್‌ನಲ್ಲಿ ಸಲೈನ್ ಕೊಟ್ರು, ಪೊಟ್ಯಾಷಿಯಂ ಇಳಿಸೋಕೆ ಇಂಜೆಕ್ಷನ್ ಕೊಟ್ರು. ಡಯಾಲಿಸಿಸ್ ಬೇಕಾಗಬಹುದು ಅಂತ ಒಂದು ರಾತ್ರಿ ಕಾಯಿಸಿದ್ರು. ಆ ರಾತ್ರಿ ಮಂಚದ ಪಕ್ಕ ನೇತಾಡ್ತಿದ್ದ ಮೂತ್ರದ ಚೀಲವನ್ನ ನಾನು ನೋಡಿದಷ್ಟು ಯಾವ ಸ್ಕ್ರೀನನ್ನೂ ನೋಡಿಲ್ಲ. ಬೆಳಗಿನ ಜಾವ ಹನಿ ಹನಿಯಾಗಿ ಬರೋಕೆ ಶುರುವಾಯ್ತು. ಆರನೇ ದಿನ ಮನೆಗೆ ಬಂದ್ವಿ. ಕ್ರಿಯಾಟಿನಿನ್ 1.3ಕ್ಕೆ ಇಳಿದಿತ್ತು.

ಈಗ ಮತ್ತೆ ಬಿಪಿ ಮಾತ್ರೆ ನಡೀತಿದೆ, ಮೇಡಂ ಬದಲಾಯಿಸಿ ಕೊಟ್ಟಿದ್ದು. ಸ್ವೀಟ್ ಬಾಕ್ಸ್ ಮುಚ್ಚಳದ ಮೇಲೆ ನಾನು ಸ್ಕೆಚ್ ಪೆನ್ನಲ್ಲಿ ಬರೆದಿದೀನಿ: "ಭೇದಿ ಬಂದ್ರೆ ನನಗೆ ಫೋನ್ ಮಾಡಿ." ಅಪ್ಪ ಅದನ್ನ ನೋಡಿದಾಗಲೆಲ್ಲ ನಗ್ತಾರೆ. "ಭೇದಿ ಬಂದೋನು ಫೋನ್ ಹುಡುಕ್ಲಾ, ಚೆಂಬು ಹುಡುಕ್ಲಾ?" ಅಂತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದಿನ ನಾನು ಹೇಳಿಬಿಟ್ಟೆ, "ಅಪ್ಪಾ, ನಾನು ತಂದ ಮಾತ್ರೆಯಿಂದಲೇ ಹಿಂಗಾಗಿದ್ದು" ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ತಗೊಂಬಾ ಅಂದಿದ್ದು ನಾನೇ ಅಲ್ವೇನೋ. ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ, ನಾಲ್ಕು ಜನಕ್ಕೆ ಹೇಳು" ಅಂದ್ರು.

ಹೇಳಿದೀನಿ. ಮುಂದಿನ ವಾರ ಸಿಗೋಣ. ಮನೆಗೆ ಹೋದ ತಕ್ಷಣ ಆ ಸ್ಟ್ರಿಪ್ ತಿರುಗಿಸಿ ನೋಡಿ. ನಮಸ್ಕಾರ.